ಅಪ್ಪನ ಸಮಾಧಿಗೆ ಗ್ರಾನೈಟ್ ಕಲ್ಲು ಮಾಡಿಸಬೇಕು: ಯಾವ ಕಲ್ಲು, ಯಾವ ಅಕ್ಷರ, ಹೇಗೆ ಕೂರಿಸೋದು?

ಬೆನ್ಸನ್‌ಟೌನ್ ಹುಡುಗಿ

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ಸಮಾಧಿ ಬೆಂಗಳೂರಿನಲ್ಲೇ ಇದೆ. ಸದ್ಯಕ್ಕೆ ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಮರದ ಶಿಲುಬೆ, ಅಷ್ಟೇ. ನವೆಂಬರ್ 2ಕ್ಕೆ, ಮೃತರ ಸ್ಮರಣೆಯ ದಿನದ ಹೊತ್ತಿಗೆ, ಕಲ್ಲು ಕೂತಿರಬೇಕು ಅಂತ ಮನೆಯವರ ಆಸೆ.

ನಮಗೆ ಬೇಕಾದದ್ದು ಇಷ್ಟು. ಕಪ್ಪು ಗ್ರಾನೈಟ್. ಮೇಲೆ ಶಿಲುಬೆ. ಅಪ್ಪನ ಫೋಟೋ ಕಲ್ಲಿನ ಮೇಲೇ ಕೆತ್ತಿರಬೇಕು. ಹೆಸರು, ತಾರೀಖು, 23ನೇ ಕೀರ್ತನೆಯ ಒಂದು ಸಾಲು, ಎಲ್ಲ ಕನ್ನಡದಲ್ಲಿ. ನಾಲ್ಕಾರು ಅಂಗಡಿ ಸುತ್ತಿದೆವು. ಒಬ್ಬರು ಹೇಳಿದ ರೇಟಿಗೂ ಇನ್ನೊಬ್ಬರ ರೇಟಿಗೂ ಮೂರು ಪಟ್ಟು ವ್ಯತ್ಯಾಸ. ಎಲ್ಲರೂ ತೋರಿಸೋದು ಬಣ್ಣ ಮಾತ್ರ. ಏನು ಕೇಳಬೇಕು ಅನ್ನೋದೇ ನಮಗೆ ಗೊತ್ತಾಗ್ತಿಲ್ಲ. ಮಾಡಿಸಿದವರು, ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕಲ್ಲುಮೆಷಿನ್

ಮೇಡಂ, ನನ್ನದು ಜಿಗಣಿ ಕಡೆ ಸಣ್ಣ ಕಟಿಂಗ್ ಪಾಲಿಶಿಂಗ್ ಯೂನಿಟ್. ಅಪ್ಪನವರ ವಿಷಯ ಕೇಳಿ ಬೇಜಾರಾಯಿತು.

ಮೊದಲು ನಿಮಗೆ ಇಷ್ಟವಾಗದ ಮಾತು ಹೇಳಿಬಿಡ್ತೀನಿ. ನಾಲ್ಕು ತಿಂಗಳಿಗೆ ಕಲ್ಲು ಕೂರಿಸಬೇಡಿ. ಒಂದು ಮಳೆಗಾಲ ಪೂರ್ತಿ ಕಳೆಯಲಿ. ಗುಂಡಿ ತೋಡಿ ಮುಚ್ಚಿದ ಮಣ್ಣು ಸಡಿಲ ಇರುತ್ತೆ, ನೀರು ಕುಡಿದು ಕುಸಿಯುತ್ತೆ. ಕೆಳಗೆ ಪೆಟ್ಟಿಗೆ ಒಡೆದಾಗ ಇನ್ನೊಂದು ಸಲ ಕುಸಿಯುತ್ತೆ. ನೀವು ಸ್ಮಶಾನದಲ್ಲಿ ನೋಡಿರಬಹುದು, ಎಷ್ಟೋ ಒಳ್ಳೆ ಕಲ್ಲುಗಳು ಒಂದು ಕಡೆಗೆ ವಾಲಿ ನಿಂತಿರುತ್ತವೆ. ಕಲ್ಲಿನ ತಪ್ಪಲ್ಲ ಅದು. ಅವಸರದ್ದು.

ಅಂಗಡಿಯವರು ಬಣ್ಣ ಯಾಕೆ ತೋರಿಸ್ತಾರೆ ಅಂದರೆ ಗಿರಾಕಿ ನೋಡೋದು ಬಣ್ಣ. ಆದರೆ ಕೆಡೋದು ಬಣ್ಣ ಅಲ್ಲ. ಕೆಡೋದು ಎರಡೇ: ಕೆಳಗಿನ ಪಾಯ, ಮೇಲಿನ ಅಕ್ಷರ. ನಿಮ್ಮ ದುಡ್ಡೂ ತಲೆಬಿಸಿಯೂ ಅಲ್ಲಿಗೆ ಹೋಗಬೇಕು.

ಕಲ್ಲಿನ ವಿಷಯ. ಕಪ್ಪು ಬೇಕು ಅಂದರೆ ನಮ್ಮಲ್ಲೇ ಚಾಮರಾಜನಗರ, ಕನಕಪುರ ಕಡೆಯದು ಚೆನ್ನಾಗಿದೆ. ಯೂರೋಪಿಗೆ, ಅಮೆರಿಕಕ್ಕೆ ಸಮಾಧಿ ಕಲ್ಲಾಗಿ ಹೋಗೋದೂ ಇದೇ. ವ್ಯಾಪಾರದಲ್ಲಿ ಗ್ರಾನೈಟ್ ಅಂತೀವಿ, ಭೂವಿಜ್ಞಾನಿಗಳು ಡೋಲರೈಟ್ ಅಂತಾರೆ. ನಮಗೆ ಮುಖ್ಯವಾದದ್ದು ಅದರ ಸಣ್ಣ ಕಣ. ಕಣ ಸಣ್ಣದಿದ್ದಷ್ಟೂ ಪಾಲಿಶ್ ಕನ್ನಡಿ ಥರ ಬರುತ್ತೆ, ಅಕ್ಷರದ ಅಂಚು ಚೂಪಾಗಿ ನಿಲ್ಲುತ್ತೆ. ಎಷ್ಟು ವರ್ಷ ನಿಲ್ಲುತ್ತೆ ಅಂತ ಅನುಮಾನ ಇದ್ದರೆ ಒಂದು ಭಾನುವಾರ ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಗಿ ಬನ್ನಿ. 1780ರ ದಶಕದಲ್ಲಿ ಟಿಪ್ಪು ತನ್ನ ತಂದೆಗೆ ಕಟ್ಟಿಸಿದ್ದು. ಸುತ್ತ ನಿಂತಿರುವ ಕಪ್ಪು ಕಂಬಗಳಲ್ಲಿ ಇವತ್ತೂ ಮುಖ ಕಾಣುತ್ತೆ.

ಒಂದು ಮೋಸ ಹುಷಾರು. ಬೂದು ಛಾಯೆಯ ಕಲ್ಲಿಗೆ ಎಣ್ಣೆ, ಡೈ ಹೊಡೆದು ಕಡುಕಪ್ಪು ಅಂತ ಮಾರ್ತಾರೆ. ಬಿಸಿಲಿಗೆ ಅದು ಮಂಕಾಗುತ್ತೆ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ವಾಪಸ್ ಬನ್ನಿ. ಅಸಿಟೋನ್ ಇಲ್ಲದಿದ್ದರೆ ನೇಲ್ ಪಾಲಿಶ್ ತೆಗೆಯುವ ದ್ರವ ಸಾಕು.

ಬಿರುಕು ನೋಡೋಕೆ ಸ್ಲ್ಯಾಬಿನ ಮೇಲೆ ನೀರು ಸುರಿದು ಒಣಗೋಕೆ ಬಿಡಿ. ಎಲ್ಲ ಕಡೆ ಒಣಗಿದ ಮೇಲೂ ಒಂದು ಗೆರೆ ಒದ್ದೆ ಉಳಿದಿದ್ದರೆ ಅದು ಕೂದಲೆಳೆ ಬಿರುಕು. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಟಣ್ ಅನ್ನಬೇಕು. ಡಬ್ ಅಂದರೆ ಬೇಡ.

ಕುಡ್ಲದವ

ಮಳೆಗಾಲ ಕಳೆಯಲಿ ಅಂದದ್ದು ನೂರಕ್ಕೆ ನೂರು ಸರಿ ಮಾರಾಯ್ರೆ. ನಮ್ಮ ಮಂಗಳೂರಲ್ಲಿ ಮಳೆ ಅಂದರೆ ಗೊತ್ತಲ್ವಾ. ನಮ್ಮ ಚರ್ಚಿನ ಸಮಿತಿಯವರು ಒಂದು ವರ್ಷ ಆಗದೆ ಪಕ್ಕಾ ಕಟ್ಟಲು ಬಿಡುವುದೇ ಇಲ್ಲ. ಮೊದಲು ನಮಗೂ ಸಿಟ್ಟು ಬಂದಿತ್ತು.

ಅಂದ ಹಾಗೆ ಸಮಿತಿಯ ಪತ್ರ ತೆಗೆದುಕೊಂಡಿದ್ದೀರಾ? ಕಲ್ಲು ಮಾಡಿಸುವ ಮೊದಲು ಅದು ಬೇಕು. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಎತ್ತರ ಅಂತ ಪ್ರತಿ ಸ್ಮಶಾನಕ್ಕೂ ಬೇರೆ ಬೇರೆ ಲೆಕ್ಕ. ಜಾಗ ಕಾಯಂ ಕೊಟ್ಟಿದ್ದಾರೋ, ಕೆಲವು ವರ್ಷಕ್ಕೋ ಅಂತಲೂ ಕೇಳಿ. ಕೆಲವು ಕಡೆ ಅದೇ ಗುಂಡಿಯನ್ನು ಮತ್ತೆ ಬಳಸುತ್ತಾರೆ. ಅಂಥ ಕಡೆ ಟನ್ನುಗಟ್ಟಲೆ ಕಲ್ಲು ಹೇರಿ ಏನು ಮಾಡುವುದು?

ನೀರಿನ ಇಳಿಜಾರು ಮರೆಯಬೇಡಿ. ಮಲಗಿಸುವ ಚಪ್ಪಡಿಯನ್ನು ಪೂರ್ತಿ ಮಟ್ಟಕ್ಕೆ ಕೂರಿಸಿದರೆ ನೀರು ಅಲ್ಲೇ ನಿಲ್ಲುತ್ತದೆ, ಪಾಚಿ ಹಿಡಿಯುತ್ತದೆ. ಕಾಲ ಕಡೆಗೆ ಅರ್ಧ ಇಂಚು ಇಳಿಜಾರು ಸಾಕು. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಗೊತ್ತಾಗುತ್ತದೆ.

ಬೆನ್ಸನ್‌ಟೌನ್ ಹುಡುಗಿ

ತುಂಬಾ ಥ್ಯಾಂಕ್ಸ್. ಸಮಿತಿಯ ಪತ್ರ ಇದೆ. ಆರಡಿ ಉದ್ದ, ಮೂರಡಿ ಅಗಲ, ನಿಲ್ಲಿಸುವ ಕಲ್ಲು ಮೂರಡಿ ಎತ್ತರ ಮೀರಬಾರದು ಅಂತಿದೆ. ಜಾಗ ಕಾಯಂ.

ಕಡಿಮೆ ರೇಟ್ ಹೇಳಿದವರು "ಇಟ್ಟಿಗೆ ಕಟ್ಟಿ ಮೇಲೆ 18 ಎಂಎಂ ಗ್ರಾನೈಟ್ ಹೊದಿಸಿ ಕೊಡ್ತೀವಿ, ನೋಡೋಕೆ ಒಂದೇ ಥರ" ಅಂದರು. ಜಾಸ್ತಿ ಹೇಳಿದವರು ಗಟ್ಟಿ ಕಲ್ಲು ಅಂದರು. ನಿಜವಾಗಿ ಅಷ್ಟು ವ್ಯತ್ಯಾಸ ಇದೆಯಾ?

ಕಲ್ಲುಮೆಷಿನ್

ಇದೆ. ಮೊದಲ ಎರಡು ವರ್ಷ ಕಾಣಲ್ಲ, ಆಮೇಲೆ ಕಾಣುತ್ತೆ.

18 ಎಂಎಂ ಅನ್ನೋದು ಅಡುಗೆಮನೆ ಕಟ್ಟೆಗೆ ಹಾಕುವ ಸ್ಲ್ಯಾಬ್. ಇಟ್ಟಿಗೆಯ ಪೆಟ್ಟಿಗೆ ಕಟ್ಟಿ ನಾಲ್ಕೂ ಕಡೆ ಅದನ್ನು ಅಂಟಿಸ್ತಾರೆ. ಕೆಳಗಿನ ಮಣ್ಣು ಒಂದಿಷ್ಟು ಇಳಿದರೆ ಇಟ್ಟಿಗೆ ಬಿರುಕು ಬಿಡುತ್ತೆ, ಸ್ಲ್ಯಾಬ್ ಕಳಚಿಕೊಳ್ಳುತ್ತೆ. ಮೇಲಿನ ಚಪ್ಪಡಿಯ ಕೆಳಗೆ ಟೊಳ್ಳು ಬಿಟ್ಟಿದ್ದರಂತೂ ಯಾರಾದರೂ ಕಾಲಿಟ್ಟ ದಿನ ಎರಡು ತುಂಡು. ಇನ್ನು ನಿಲ್ಲಿಸುವ ಕಲ್ಲು 18 ಎಂಎಂ ಆದರೆ ಒಳಗೆ ಡೋವೆಲ್ (ಎರಡು ಕಲ್ಲು ಹಿಡಿದಿಡುವ ಸರಳು) ಕೂರಿಸೋಕೆ ಮಾಂಸವೇ ಇಲ್ಲ. ಬರೀ ಸಿಮೆಂಟಿನಲ್ಲಿ ನಿಂತಿರುತ್ತೆ.

ಹಾಗಂತ ಎಲ್ಲವೂ ಗಟ್ಟಿ ಕಲ್ಲೇ ಆಗಬೇಕು ಅಂತಿಲ್ಲ. ದುಡ್ಡು ಉಳಿಸಬೇಕು ಅಂದರೆ ಪಕ್ಕಕ್ಕೆ ಬೂದು ಕಲ್ಲಿನ ದಿಂಡು ಇಡಿ. ಮೇಲಿನ ಚಪ್ಪಡಿ ಎರಡು ಇಂಚು, ನಿಲ್ಲಿಸುವ ಕಲ್ಲು ಮೂರು ಇಂಚು ಕಪ್ಪು ಇರಲಿ. ನಾನಾದರೆ ಹಾಗೆ ಮಾಡ್ತೀನಿ. ಶಿರಾ ಬೂದು, ಸಾದರಹಳ್ಳಿ ಬೂದು ಎರಡೂ ಗಟ್ಟಿ. ವಿಧಾನಸೌಧದ ಬೂದು ಕಲ್ಲು 1956ರಿಂದ ಬೆಂಗಳೂರಿನ ಬಿಸಿಲು, ಮಳೆ, ಹೊಗೆ ಎಲ್ಲ ತಿಂದು ನಿಂತಿಲ್ವಾ?

ತೂಕ ಲೆಕ್ಕ ಹಾಕಿಕೊಳ್ಳಿ. ಕಪ್ಪು ಕಲ್ಲು ಒಂದು ಘನ ಅಡಿಗೆ ಸುಮಾರು 85 ಕಿಲೋ, ಬೂದು ಸುಮಾರು 75. ಮೂರಡಿ ಎತ್ತರ, ಎರಡಡಿ ಅಗಲ, ಮೂರು ಇಂಚು ದಪ್ಪದ ಕಪ್ಪು ಕಲ್ಲು ಅಂದರೆ 125 ಕಿಲೋ ಮೇಲೆ. ಆರಕ್ಕೆ ಮೂರಡಿ, ಎರಡು ಇಂಚಿನ ಚಪ್ಪಡಿ 250 ಕಿಲೋ. ಇದನ್ನು ಹೊತ್ತು ನಿಲ್ಲುವ ಪಾಯ ಬೇಕಲ್ವಾ?

ಕೊಟೇಶನ್ ಬರೆಸಿಕೊಳ್ಳುವಾಗ ದಪ್ಪ ಇಂಚಿನಲ್ಲಿ ಬರೆಸಿ. ಅಂಚಿನ ಪಾಲಿಶ್ ಸೇರಿದೆಯಾ, ಲಾರಿ ಬಾಡಿಗೆ ಯಾರದ್ದು, ಪಾಯ ಯಾರು ಹಾಕ್ತಾರೆ, ಇದನ್ನೂ ಬರೆಸಿ. ಮೂರು ಪಟ್ಟು ವ್ಯತ್ಯಾಸ ಬಂದದ್ದು ಇಲ್ಲೇ ಇರುತ್ತೆ.

ಮರಗಿಡ

ಯಾಕೆ ಇಷ್ಟೆಲ್ಲ? ಒಂದು ಸಂಪಿಗೆ ಗಿಡ ನೆಟ್ಟರೆ ಆಗಲ್ವಾ. ಬೆಟ್ಟ ಕಡಿದು ಕಲ್ಲು ತರೋದು, ಅದಕ್ಕೆ ಡೀಸೆಲ್ಲು, ಅದಕ್ಕೆ ಧೂಳು.

ಕುಡ್ಲದವ

ಸಂಪಿಗೆಯ ಬೇರು ಪಕ್ಕದ ಎಂಟು ಸಮಾಧಿ ಎತ್ತಿ ಹಾಕುತ್ತದೆ. ಸಮಿತಿಯವರು ಗಿಡದ ಜೊತೆ ನಿಮ್ಮನ್ನೂ ಕಿತ್ತು ಹಾಕುತ್ತಾರೆ.

ನಿರ್ವಾಹಕರು

ಪರಿಸರದ ಚರ್ಚೆಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಕೇಳಿರುವುದು ಮನೆಯವರ ಸಮಾಧಿಯ ಬಗ್ಗೆ. ಸ್ವಲ್ಪ ನೋಡಿಕೊಂಡು ಬರೆಯಿರಿ.

ಅಕ್ಷರಮಾಲೆ

ನಾನು ಡಿಟಿಪಿ ಕೆಲಸದವಳು. ಕಲ್ಲಿನ ಅಂಗಡಿಗಳಿಗೆ ಅಕ್ಷರದ ಫೈಲ್ ಮಾಡಿಕೊಡ್ತೀನಿ. ಕನ್ನಡದಲ್ಲಿ ಬರೆಸ್ತೀರಿ ಅಂತ ಓದಿ ಖುಷಿಯಾಯಿತು, ಭಯವೂ ಆಯಿತು.

ಭಯ ಯಾಕೆ ಅಂದರೆ ಕಲ್ಲಿನ ಮೇಲೆ ಕನ್ನಡ ಕೆಡೋದು ಕಂಪ್ಯೂಟರಿನಲ್ಲೇ. ನೀವು ವಾಟ್ಸಾಪಿನಲ್ಲಿ ಯೂನಿಕೋಡ್ ಅಕ್ಷರ ಕಳಿಸ್ತೀರಿ. ಅಂಗಡಿಯಲ್ಲಿ ಕೋರಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಿನ ಹಳೆಯ ಆವೃತ್ತಿ ಇರುತ್ತೆ, ಅದರಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟು. ಅಂಟಿಸಿದ ಕೂಡಲೇ ಒತ್ತಕ್ಷರ ಬಿಚ್ಚಿಕೊಳ್ಳುತ್ತೆ. "ಕ್ರಿಸ್ತ" ಹೋಗಿ "ಕ್‌ರಿಸ್‌ತ" ಆಗುತ್ತೆ. ಅರ್ಕಾವತ್ತು ತಪ್ಪು ಅಕ್ಷರದ ಪಕ್ಕ ಹೋಗಿ ಕೂರುತ್ತೆ. ಕೂತಿರುವ ಹುಡುಗನಿಗೆ ಕನ್ನಡ ಓದೋಕೆ ಬರದಿದ್ದರೆ ಅದೇ ಕಲ್ಲಿಗೆ ಹೋಗುತ್ತೆ. ಕಾಗದ ಆದರೆ ಹರಿದು ಎಸೀಬಹುದು.

ಹಾಗಾಗಿ ಫೈಲ್ ನೀವೇ ಮಾಡಿಸಿ ಕೊಡಿ. ಅಕ್ಷರಗಳನ್ನೆಲ್ಲ ಕರ್ವ್‌ಗೆ, ಅಂದರೆ ಫಾಂಟ್ ಬೇಡದ ಬರೀ ಗೆರೆಯ ಆಕಾರಕ್ಕೆ, ಬದಲಾಯಿಸಿದ ಪಿಡಿಎಫ್ ಇರಬೇಕು. ಆಮೇಲೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಕದಲಲ್ಲ.

ಎರಡನೇ ತೊಂದರೆ ಸ್ಟೆನ್ಸಿಲ್‌ನದ್ದು. ಈಗ ಹೆಚ್ಚಿನ ಕಡೆ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡ್ತಾರೆ. ಕಲ್ಲಿನ ಮೇಲೆ ಅಂಟಿರುವ ರಬ್ಬರ್ ಹಾಳೆ ಹಾಕಿ, ಪ್ಲಾಟರ್ ಯಂತ್ರದಲ್ಲಿ ಕತ್ತರಿಸಿದ ಅಕ್ಷರದ ಭಾಗವನ್ನು ಕಿತ್ತು ತೆಗೀತಾರೆ. ಆಮೇಲೆ ಗಾಳಿಯ ಒತ್ತಡದಲ್ಲಿ ಗಟ್ಟಿ ಪುಡಿ ಹೊಡೀತಾರೆ. ರಬ್ಬರ್ ಇದ್ದಲ್ಲಿ ಪುಡಿ ಪುಟಿದು ಹೋಗುತ್ತೆ, ಇಲ್ಲದ ಕಡೆ ಕಲ್ಲು ಕೊರೆಯುತ್ತೆ. ಈಗ ಕನ್ನಡದ ಸೊನ್ನೆ ನೆನಪಿಸಿಕೊಳ್ಳಿ. ಅದರ ನಡುವೆ ಒಂದು ಪುಟ್ಟ ರಬ್ಬರ್ ಚುಕ್ಕಿ ಉಳೀಬೇಕು. ಅಕ್ಷರ ಸಣ್ಣದಾದರೆ ಆ ಚುಕ್ಕಿ ಗಾಳಿಗೆ ಹಾರಿಹೋಗುತ್ತೆ, ಸೊನ್ನೆ ಬರೀ ಗುಳಿಯಾಗುತ್ತೆ. ವ, ಮ, ಠ, ಎಲ್ಲದರ ಹೊಟ್ಟೆಗೂ ಇದೇ ಗತಿ. ಒತ್ತಕ್ಷರದ ಬಾಲ ಅಂತೂ ಇನ್ನೂ ತೆಳ್ಳಗೆ.

ಇದಕ್ಕೆ ಪರಿಹಾರ ಸರಳ. ಅಕ್ಷರ ದೊಡ್ಡದು ಮಾಡಿ, ಮಾತು ಕಡಿಮೆ ಮಾಡಿ. ಹೆಸರು ಎರಡು ಇಂಚು ಇರಲಿ, ಉಳಿದದ್ದು ಒಂದು ಇಂಚಿಗಿಂತ ಕಡಿಮೆ ಬೇಡ. ಮದುವೆ ಕಾಗದದ ಅಲಂಕಾರದ ಫಾಂಟ್ ಬೇಡವೇ ಬೇಡ. ಗೆರೆ ಎಲ್ಲ ಕಡೆ ಒಂದೇ ದಪ್ಪ ಇರುವ ಫಾಂಟ್ ಆರಿಸಿ. ಇಂಗ್ಲಿಷಿಗೆ ಬಿಡುವ ಸಾಲಿನ ಅಂತರ ಕನ್ನಡಕ್ಕೆ ಸಾಲಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು, ಎರಡೂ ಡಿಕ್ಕಿ ಹೊಡೆಯುತ್ತವೆ.

ಕೆಲವರು ಅಕ್ಷರಕ್ಕೆ ಇಷ್ಟು ಅಂತ ದುಡ್ಡು ಕೇಳ್ತಾರೆ. ಒತ್ತಕ್ಷರವನ್ನು ಒಂದು ಅಂತ ಎಣಿಸ್ತಾರಾ ಎರಡು ಅಂತ ಎಣಿಸ್ತಾರಾ ಮೊದಲೇ ಕೇಳಿ. ನಗಬೇಡಿ, ಇದಕ್ಕೇ ಜಗಳ ಆಗಿದ್ದು ನೋಡಿದ್ದೀನಿ.

ಉಳಿಪೆಟ್ಟು

ಮೆಷಿನ್ ಮಾತೇ ಆಯಿತು, ಕೈಕೆಲಸದ ಮಾತು ಯಾರೂ ಎತ್ತಲಿಲ್ಲ. ನಾನು ಮಾಲೂರು ತಾಲ್ಲೂಕಿನವನು. ಪಕ್ಕದಲ್ಲೇ ಶಿವಾರಪಟ್ಟಣ. ಅಲ್ಲಿ ಇವತ್ತಿಗೂ ಮನೆಮನೆಯಲ್ಲಿ ವಿಗ್ರಹ ಕೆತ್ತುತ್ತಾರೆ.

ಅಕ್ಷರ ಕೈಯಲ್ಲಿ ಕೆತ್ತಿಸಿದರೆ ಮೆಷಿನ್ನಿನ ಹಾಗೆ ಬರೀ ಗುಳಿ ಬರಲ್ಲ, ಇಳಿಜಾರಿನ ಎರಡು ಗೋಡೆ ಸೇರಿ ತಳದಲ್ಲಿ ಒಂದು ಗೆರೆ ಬರುತ್ತೆ. ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬಿದ್ದಾಗ ಬಣ್ಣವೇ ಇಲ್ಲದೆ ಓದಬಹುದು. ಬೂದು ಕಲ್ಲಿಗೆ ಇದು ಹೇಳಿ ಮಾಡಿಸಿದ್ದು. ಈಗ ಉಳಿಯ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಇರುತ್ತೆ, ಮೊದಲಿನ ಹಾಗೆ ಗಂಟೆಗೊಮ್ಮೆ ಕುಲುಮೆಗೆ ಓಡಬೇಕಿಲ್ಲ. ಆದರೂ ದಿನಕ್ಕೆ ಆಗೋದು ಕೆಲವೇ ಅಕ್ಷರ. ಅವಸರದವರಿಗೆ ಅಲ್ಲ ಇದು.

ನಮ್ಮ ನಾಡಿನಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸೋದು ಹೊಸದೇನೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಕಲ್ಲು ಹಾಕಿಸಿದ್ದಾರೆ, 10ನೇ ಶತಮಾನದಲ್ಲಿ. ಅದು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಅದರ ಅಕ್ಷರ ಇವತ್ತೂ ಓದ್ತಾರೆ. ಅದಕ್ಕೆ ಬಂಗಾರದ ಪೇಂಟ್ ಯಾರೂ ಹೊಡೆದಿರಲಿಲ್ಲ.

ಒಂದು ಬೇಡಿಕೆ. ಯಾರ ಹತ್ತಿರ ಮಾಡಿಸಿದರೂ ಅವರ ಕೆಲಸದ ಜಾಗ ಒಮ್ಮೆ ನೋಡಿ. ಒಣ ಕಟಿಂಗ್, ಮೂಗಿಗೆ ಬರೀ ಟವೆಲ್ ಇದ್ದರೆ ಅಲ್ಲಿ ಕೊಡಬೇಡಿ. ಗ್ರಾನೈಟಿನ ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಗೆ ಬರಲ್ಲ. ಸಿಲಿಕೋಸಿಸ್‌ಗೆ ಮದ್ದಿಲ್ಲ. ನಮ್ಮ ಕಡೆ ನಲವತ್ತು ದಾಟುವ ಮೊದಲೇ ಉಬ್ಬಸ ಹತ್ತಿಸಿಕೊಂಡವರನ್ನು ಕಣ್ಣಾರೆ ಕಂಡಿದ್ದೀನಿ.

ಕಲ್ಲುಮೆಷಿನ್

ಉಳಿಪೆಟ್ಟು ಅಣ್ಣ ಹೇಳಿದ್ದು ನಿಜ. ನಮ್ಮಲ್ಲಿ ಕಟಿಂಗ್ ಪೂರ್ತಿ ನೀರು ಹಾಕಿಯೇ. ಬ್ಲಾಸ್ಟಿಂಗ್‌ಗೆ ಮುಚ್ಚಿದ ಕೋಣೆ, ಹೊಳೆ ಮರಳು ಬಳಸಲ್ಲ, ಅಲ್ಯುಮಿನಿಯಂ ಆಕ್ಸೈಡ್ ಪುಡಿ ಮಾತ್ರ. ಆದರೆ ಎಲ್ಲರೂ ಹಾಗಿಲ್ಲ, ಒಪ್ಪಿಕೊಳ್ತೀನಿ.

ಬಂಗಾರದ ಪೇಂಟ್ ಬಗ್ಗೆಯೂ ಒಪ್ಪಿದೆ. ಕಪ್ಪು ಕಲ್ಲಿಗೆ ಬಣ್ಣ ಬೇಕಾಗಿಯೇ ಇಲ್ಲ. ಪಾಲಿಶ್ ಆದ ಕಡೆ ಕಪ್ಪು, ಕೊರೆದ ಕಡೆ ತಾನಾಗಿಯೇ ಬಿಳಿ ಬೂದು. ಆ ವ್ಯತ್ಯಾಸ ಕಲ್ಲಿನದ್ದೇ, ಕಿತ್ತು ಬರಲ್ಲ. ಬೂದು, ಕೆಂಪು ಕಲ್ಲಿಗೆ ಮಾತ್ರ ಬಣ್ಣ ತುಂಬಬೇಕು, ಇಲ್ಲದಿದ್ದರೆ ದೂರಕ್ಕೆ ಕಾಣಲ್ಲ. ಬಣ್ಣ ಹಾಕೋದಾದರೆ ರಬ್ಬರ್ ಕೀಳುವ ಮೊದಲೇ ಹೊಡೀಬೇಕು, ಅಂಚು ನೀಟಾಗಿ ಬರುತ್ತೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ತುಂಬಬೇಕಾಗುತ್ತೆ ಅನ್ನೋದು ಗೊತ್ತಿರಲಿ.

ಅಟ್ಲಾಂಟಾ ಕನ್ನಡಿಗ

ಇಲ್ಲಿ ಅಮೆರಿಕದ ಅನುಭವ ಸೇರಿಸ್ತೀನಿ. ನಮ್ಮ ಅತ್ತೆಯವರ ಸಮಾಧಿ ಜಾರ್ಜಿಯಾದಲ್ಲೇ ಇದೆ. ಅಟ್ಲಾಂಟಾದಿಂದ ಸುಮಾರು ಎರಡು ಗಂಟೆ ದೂರದಲ್ಲಿ ಎಲ್ಬರ್ಟನ್ ಅಂತ ಊರು. ತನ್ನನ್ನು ತಾನೇ ಜಗತ್ತಿನ ಗ್ರಾನೈಟ್ ರಾಜಧಾನಿ ಅಂತ ಕರೆದುಕೊಳ್ಳುತ್ತೆ. ಊರ ಸುತ್ತ ಕ್ವಾರಿ, ಸ್ಮಾರಕದ ಕಾರ್ಖಾನೆ. ನೀಲಿ ಬೂದು ಕಲ್ಲು. ತಮಾಷೆ ಅಂದರೆ ಅಲ್ಲಿನ ಶೋರೂಮಿನಲ್ಲಿ ಕಡುಕಪ್ಪು ಬೇಕು ಅಂದಾಗ ತೋರಿಸಿದ್ದು ಇಂಡಿಯಾ ಬ್ಲ್ಯಾಕ್. ನಮ್ಮ ಕಡೆಯ ಕಲ್ಲು ಹಡಗು ಹತ್ತಿ ನಮಗಿಂತ ಮೊದಲೇ ಇಲ್ಲಿಗೆ ಬಂದು ಕೂತಿದೆ.

ಇಲ್ಲಿ ನಿಯಮ ಬಿಗಿ. ಎಷ್ಟೋ ಸ್ಮಶಾನಗಳಲ್ಲಿ ನಿಲ್ಲಿಸುವ ಕಲ್ಲಿಗೆ ಅನುಮತಿಯೇ ಇಲ್ಲ. ನೆಲಕ್ಕೆ ಸಮವಾಗಿ ಮಲಗಿಸಿದ ಕಲ್ಲು ಮಾತ್ರ, ಹುಲ್ಲು ಕತ್ತರಿಸುವ ಯಂತ್ರ ಮೇಲೆ ಹಾದು ಹೋಗಬೇಕಲ್ಲ. ಮಾಜಿ ಸೈನಿಕರಿಗೆ ಸರ್ಕಾರ ಕೊಡುವ ಮಲಗಿಸುವ ಗ್ರಾನೈಟ್ ಕಲ್ಲಿನ ಅಳತೆಯೂ ನಿಗದಿ: 24 ಇಂಚು ಉದ್ದ, 12 ಇಂಚು ಅಗಲ, 4 ಇಂಚು ದಪ್ಪ. ಪಾಯ ಹಾಕುವುದು ಹೆಚ್ಚಾಗಿ ಸ್ಮಶಾನದವರೇ, ಅದಕ್ಕೆ ಬೇರೆ ಶುಲ್ಕ.

ಉಳಿಪೆಟ್ಟು ಅವರು ಹೇಳಿದ ಧೂಳಿನ ಕಥೆ ಇಲ್ಲೂ ಇದೆ. ವರ್ಮಾಂಟಿನ ಬ್ಯಾರಿ ಅನ್ನೋ ಊರಿನ ಹೋಪ್ ಸ್ಮಶಾನ ನೋಡೋಕೆ ಜನ ಪ್ರವಾಸ ಹೋಗ್ತಾರೆ. ಎಲ್ಲ ಅಲ್ಲಿನ ಬೂದು ಗ್ರಾನೈಟು, ಕೆತ್ತನೆ ಅದ್ಭುತ. ಕೆತ್ತಿದ ಇಟಲಿ ಮೂಲದ ಕಲ್ಲುಕುಟಿಗರಲ್ಲಿ ಎಷ್ಟೋ ಜನ ಸಿಲಿಕೋಸಿಸ್‌ನಿಂದ ಸತ್ತು ಅಲ್ಲೇ ಮಲಗಿದ್ದಾರೆ. 1930ರ ದಶಕದ ಕೊನೆಗೆ ಶೆಡ್ಡುಗಳಲ್ಲಿ ಧೂಳು ಹೀರುವ ಯಂತ್ರ ಬಂದ ಮೇಲೆಯೇ ಅದು ಇಳಿದದ್ದು.

ನಮ್ಮ ಕಷ್ಟ ಕನ್ನಡದ್ದು. ಅತ್ತೆಯ ಹೆಸರು ಕನ್ನಡದಲ್ಲಿ ಬೇಕು ಅಂದೆವು. ಅಂಗಡಿಯವರು ಕಳಿಸಿದ ನಮೂನೆಯಲ್ಲಿ ಅಕ್ಷರಮಾಲೆ ಅವರು ಹೇಳಿದ ಹಾಗೇ ಒತ್ತುಗಳೆಲ್ಲ ಬಿಚ್ಚಿಕೊಂಡು ಸಾಲಾಗಿ ನಿಂತಿದ್ದವು. ಸಹಿ ಹಾಕುವ ಮೊದಲು ಕಣ್ಣಿಗೆ ಬಿತ್ತು. ಇಲ್ಲಿ ನಮೂನೆಗೆ ಸಹಿ ಹಾಕಿದ ಮೇಲೆ ತಪ್ಪಿದ್ದರೆ ನಿಮ್ಮ ತಲೆಗೇ.

ಅಕ್ಷರಮಾಲೆ

ಹೊರದೇಶದಲ್ಲಿರುವ ಯಾರಿಗೇ ಬೇಕಾದರೂ ಇಷ್ಟೇ ಉಪಾಯ: ಕರ್ವ್ ಮಾಡಿದ ಫೈಲ್ ಕಳಿಸಿ, ಜೊತೆಗೆ ಅದರದ್ದೇ ಒಂದು ಚಿತ್ರವನ್ನೂ ಕಳಿಸಿ. "ಇದು ಅಕ್ಷರ ಅಂತ ತಿಳೀಬೇಡಿ, ಚಿತ್ರ ಅಂತ ತಿಳಿದು ಕೊರೆಯಿರಿ" ಅಂತ ಹೇಳಿ. ಕೊರೆಯುವವರಿಗೆ ಭಾಷೆ ಬರದಿದ್ದರೂ ಪರವಾಗಿಲ್ಲ.

ಧಾರವಾಡ ಪೇಢೆ

ನಮ್ಮದು ಬೇರೆ ಥರದ ಪ್ರಶ್ನೆ ಅದ, ಇಲ್ಲೇ ಕೇಳ್ತೀನ್ರಿ. ನಮ್ಮ ಅಜ್ಜನ ಗದ್ದುಗೆ ನಮ್ಮ ಹೊಲದಾಗ ಅದ. ನಾವು ಲಿಂಗಾಯತರು. ಕೂರಿಸಿ ಸಮಾಧಿ ಮಾಡುವುದರಿಂದ ಗುಂಡಿ ಉದ್ದ ಇರುವುದಿಲ್ಲ, ಆದರೆ ಆಳ ಇರುತ್ತದೆ, ಒಳಗೆ ಗೂಡು ಬೇರೆ. ಮೇಲೆ ಶಹಾಬಾದ್ ಕಲ್ಲು ಹಾಕಿಸಿದ್ದೆವು. ಹೆಸರು ಈಗಾಗಲೇ ಮಾಸಿದೆ. ಕಟ್ಟೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ನಮ್ಮದು ಎರೆ ಭೂಮಿ. ಈಗ ಇಳಕಲ್ ಕೆಂಪು ಗ್ರಾನೈಟ್ ಹಾಕಿಸಿ ಮೇಲೆ ಲಿಂಗ, ಮುಂದೆ ಬಸವಣ್ಣ ಇಡಬೇಕು ಅಂತ ಮನೆಯಾಗ ಮಾತಾಗೇದ.

ಕಲ್ಲುಮೆಷಿನ್

ಸರ್, ಶಹಾಬಾದ್ ಸುಣ್ಣದ ಕಲ್ಲು. ನೆಲಕ್ಕೆ ಹಾಸೋಕೆ ಸರಿ, ಹೆಸರು ಬರೆಸೋಕೆ ಅಲ್ಲ. ಮಳೆ, ಹುಳಿ ಎರಡೂ ಅದನ್ನು ನಿಧಾನಕ್ಕೆ ತಿನ್ನುತ್ತವೆ. ಇಳಕಲ್ ಕೆಂಪು ಒಳ್ಳೇ ಆಯ್ಕೆ. ಕಣ ಸ್ವಲ್ಪ ದಪ್ಪ, ಹಾಗಾಗಿ ಸಣ್ಣ ಅಕ್ಷರ ಬೇಡ, ಆಳವಾಗಿ ಕೊರೆಸಿ ಕಪ್ಪು ಅಥವಾ ಬಿಳಿ ತುಂಬಿಸಿ.

ಆದರೆ ಎರೆ ಮಣ್ಣಿನ ಮೇಲೆ ನೇರ ಕಟ್ಟಿದರೆ ಇಳಕಲ್ ಏನು, ವಜ್ರದ ಕಲ್ಲಾದರೂ ಬಿರಿಯುತ್ತೆ. ಆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ವರ್ಷಕ್ಕೊಮ್ಮೆ ನಿಮ್ಮ ಕಟ್ಟೆಯನ್ನು ಎತ್ತಿ ಇಳಿಸ್ತಾ ಇರುತ್ತೆ. ಗದ್ದುಗೆಯ ಗುಂಡಿಗೆ ಕೈ ಹಚ್ಚದೆ ಅದರ ಸುತ್ತ ಎರೆ ಮಣ್ಣು ತೆಗೆಸಿ ಗರಸು ತುಂಬಿ, ನೀರು ಹಾಕಿ, ಪದರ ಪದರವಾಗಿ ದಮ್ಮಸ್ ಮಾಡಿಸಿ. ಅದರ ಮೇಲೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಬೀಮ್ ಉಂಗುರದ ಹಾಗೆ ಹಾಕಿಸಿ. ಸುತ್ತ ಮಳೆ ನೀರು ನಿಲ್ಲದ ಹಾಗೆ ಅಂಚು ಮಾಡಿಸಿ. ಇಂಜಿನಿಯರ್ ಒಬ್ಬರಿಗೆ ತೋರಿಸಿದರೆ ಇನ್ನೂ ಒಳ್ಳೇದು.

ಬೆನ್ಸನ್‌ಟೌನ್ ಮೇಡಂ ಫೋಟೋ ಕೇಳಿದ್ದರು, ಅದು ಬಾಕಿ ಇದೆ.

ಫೋಟೋ ಲೇಸರ್‌ನಲ್ಲಿ ಮಾಡ್ತಾರೆ. ಪಾಲಿಶ್ ಆದ ಕಪ್ಪು ಕಲ್ಲಿನ ಮೇಲೆ ಲೇಸರ್ ಬಡಿದ ಕಡೆ ಸಣ್ಣ ಸಣ್ಣ ಕಣ ಸಿಡಿದು ಬಿಳಿಚುತ್ತೆ. ಅಂಥ ಸಾವಿರಾರು ಚುಕ್ಕಿ ಸೇರಿ ಮುಖ. ಬಣ್ಣ ಇಲ್ಲ, ಹಾಗಾಗಿ ಬಿಸಿಲಿಗೆ ಬಣ್ಣ ಹೋಗೋ ಪ್ರಶ್ನೆ ಇಲ್ಲ. ಆದರೆ ಆಳವೂ ಇಲ್ಲ. ಮಳೆಯಲ್ಲಿ ಕಲ್ಲು ನೆನೆದಾಗ ಫೋಟೋ ಮಸುಕಾಗುತ್ತೆ, ಒಣಗಿದ ಮೇಲೆ ಮತ್ತೆ ಬರುತ್ತೆ. ಗಾಬರಿ ಬೇಡ. ಬೂದು, ಕೆಂಪು ಕಲ್ಲಿನ ಮೇಲೆ ಇದು ಸರಿಯಾಗಿ ಕಾಣಲ್ಲ.

ಯಾವ ಫೋಟೋ ಕೊಡ್ತೀರಿ ಅನ್ನೋದು ದೊಡ್ಡ ವಿಷಯ. ಇಲ್ಲಿ ಕಲ್ಲೇ ಕಪ್ಪು, ಬಿಳಿ ಮಾತ್ರ ನಾವು ಬರೆಯೋದು. ಕಪ್ಪು ಕೂದಲು, ಕಪ್ಪು ಕೋಟು ಎರಡೂ ಕಲ್ಲಿನಲ್ಲಿ ಕರಗಿಹೋಗಿ ಮುಖ ಮಾತ್ರ ತೇಲುತ್ತೆ. ಹಿಂದೆ ತೆಳುವಾಗಿ ಬೆಳಕು ಬಿಡಿಸಬೇಕು, ಭುಜದ ಗೆರೆ ಎತ್ತಿ ತೋರಿಸಬೇಕು. ಬಿಳಿ ಅಂಗಿಯ ಫೋಟೋ ಇದ್ದರೆ ಅದನ್ನೇ ಕೊಡಿ. ವಾಟ್ಸಾಪಿನದ್ದು ಬೇಡ, ಮೂಲ ಫೋಟೋ ಸ್ಕ್ಯಾನ್ ಮಾಡಿಸಿ. ಅದೇ ಕಲ್ಲಿನ ಒಂದು ತುಂಡಿನ ಮೇಲೆ ಸ್ಯಾಂಪಲ್ ಮಾಡಿ ತೋರಿಸಿ ಅಂತ ಕೇಳಿ. ಕೊಡದವರ ಹತ್ತಿರ ಮಾಡಿಸಬೇಡಿ.

ಉಳಿಪೆಟ್ಟು

ನನ್ನ ಕೇಳಿದರೆ ಫೋಟೋ ಬೇಡ. ಶಿಲುಬೆ, ಹೆಸರು, ತಾರೀಖು ಸಾಕು. ಫೋಟೋ ಮನೆಯ ಗೋಡೆಗೆ ಚೆಂದ.

ಬೆನ್ಸನ್‌ಟೌನ್ ಹುಡುಗಿ

ಅಣ್ಣ, ಫೋಟೋ ಬೇಕೇ ಬೇಕು ಅಂತ ತಮ್ಮನ ಹಟ. ಅದನ್ನು ನಾನು ತಪ್ಪಿಸೋಕೆ ಆಗಲ್ಲ. ನವೆಂಬರ್ ಬಿಟ್ಟು ಮುಂದಿನ ವರ್ಷ ಅಪ್ಪನ ವರ್ಷದ ಪೂಜೆಯ ಹೊತ್ತಿಗೆ ಮಾಡೋಣ ಅಂತ ಮನೆಯಲ್ಲಿ ಒಪ್ಪಿಸಿದೆ.

ಇನ್ನೊಂದು ವಿಷಯ. ಅಮ್ಮ ತನ್ನ ಹೆಸರಿಗೂ ಜಾಗ ಬಿಡಿ ಅಂತಿದ್ದಾರೆ. ಹೆಸರು ಈಗಲೇ ಹಾಕಿಸಿ ತಾರೀಖು ಖಾಲಿ ಬಿಡಿ ಅಂತ. ನಮಗೆ ಅದು ಕೇಳೋಕೇ ಆಗ್ತಿಲ್ಲ. ಅಮ್ಮ ಮಾತ್ರ ಆರಾಮಾಗಿ ಚಹಾ ಕುಡೀತಾ ಹೇಳ್ತಾರೆ.

ಅಟ್ಲಾಂಟಾ ಕನ್ನಡಿಗ

ಇಲ್ಲಿ ಅದು ತೀರಾ ಮಾಮೂಲು. ಗಂಡ ಹೆಂಡತಿಗೆ ಒಂದೇ ಕಲ್ಲು, ಬದುಕಿರುವವರ ಹುಟ್ಟಿದ ವರ್ಷ ಬರೆದು ಮುಂದೆ ಒಂದು ಗೀಟು. ನಮ್ಮ ಮಾವನವರ ಹೆಸರು ಹಾಗೇ ಇದೆ. ಅವರೇ ಹೋಗಿ ಒರೆಸಿ ಬರ್ತಾರೆ.

ಕುಡ್ಲದವ

ಅಮ್ಮನ ಮಾತು ಕೇಳಿ. ಜಾಗ ಬಿಡಿ, ಹೆಸರು ಹಾಕಿಸುವುದು ಅವರಿಗೂ ನಿಮಗೂ ಸರಿ ಕಂಡಾಗ. ನಮ್ಮ ಅಜ್ಜಿ ಹಾಗೆ ಹೇಳಿದಾಗ ಎಲ್ಲರೂ "ಛೆ ಛೆ" ಅಂದರು, ಜಾಗ ಬಿಡಲಿಲ್ಲ. ಈಗ ಅಜ್ಜಿಯ ಹೆಸರು ಪಕ್ಕದ ದಿಂಡಿನ ಮೇಲೆ ಇಕ್ಕಟ್ಟಿನಲ್ಲಿ ಇದೆ.

ಕಲ್ಲುಮೆಷಿನ್

ತಾಂತ್ರಿಕವಾಗಿ ಎರಡೂ ಆಗುತ್ತೆ. ಜಾಗ ಬಿಟ್ಟಿದ್ದರೆ ಆಮೇಲೆ ಸ್ಮಶಾನಕ್ಕೇ ಸಣ್ಣ ಕಂಪ್ರೆಸರ್ ತಂದು ಅಲ್ಲೇ ಕೊರೆಯಬಹುದು, ಕಲ್ಲು ಕೀಳಬೇಕಿಲ್ಲ. ಮುಖ್ಯ ವಿಷಯ ಅಂದರೆ ಅಕ್ಷರದ ಫೈಲ್ ನೀವು ಜೋಪಾನವಾಗಿ ಇಟ್ಟುಕೊಳ್ಳಿ. ವರ್ಷಗಳ ನಂತರ ಅದೇ ಫಾಂಟ್ ಹುಡುಕೋಕೆ ಹೋದರೆ ಸಿಗಲ್ಲ, ಎರಡು ಹೆಸರು ಎರಡು ಥರ ಕಾಣುತ್ತೆ.

ಈಗ ಕೂರಿಸುವ ದಿನದ ವಿಷಯ. ಮಳೆಗಾಲ ಕಳೆದ ಮೇಲೆ ಮಣ್ಣು ಎಲ್ಲಿ ಕುಸಿದಿದೆಯೋ ಅಲ್ಲಿ ತುಂಬಿಸಿ ದಮ್ಮಸ್ ಮಾಡಿಸಿ. ನಿಲ್ಲಿಸುವ ಕಲ್ಲಿನ ಪಾಯ ಗುಂಡಿಯ ಮೇಲೆ ಬರಬಾರದು, ತಲೆಯ ಆಚೆ ಅಗೆಯದ ಗಟ್ಟಿ ನೆಲದ ಮೇಲೆ ಬರಬೇಕು. ಬೆಂಗಳೂರಿನ ಸ್ಮಶಾನಗಳಲ್ಲಿ ಅಕ್ಕಪಕ್ಕ ಇಕ್ಕಟ್ಟು, ಹಾಗೆ ಜಾಗ ಸಿಗದಿದ್ದರೆ ಉದ್ದಕ್ಕೆ ಎರಡು ಕಾಂಕ್ರೀಟ್ ಬೀಮ್ ಹಾಕಿ, ತುದಿಗಳು ಗಟ್ಟಿ ನೆಲದ ಮೇಲೆ ಕೂರಲಿ. ಗುಂಡಿಯ ಮಣ್ಣು ಕೆಳಗೆ ಇಳಿದರೂ ಬೀಮ್ ಸೇತುವೆಯ ಹಾಗೆ ನಿಂತಿರುತ್ತೆ. ಕಾಂಕ್ರೀಟಿಗೆ ಕನಿಷ್ಠ ಒಂದು ವಾರ ಚೆನ್ನಾಗಿ ನೀರು ಹಾಕಿ. ಅದೇ ದಿನ ಕಲ್ಲು ಏರಿಸೋಕೆ ಬಿಡಬೇಡಿ, ಎಷ್ಟೇ ಅವಸರ ಮಾಡಿದರೂ.

ನಿಲ್ಲಿಸುವ ಕಲ್ಲಿನ ತಳದಲ್ಲಿ ಎರಡು ತೂತು, ಪೀಠದ ಕಲ್ಲಿನಲ್ಲಿ ಎರಡು ತೂತು. ಒಳಗೆ 12 ಎಂಎಂ ಸ್ಟೇನ್‌ಲೆಸ್ ಸ್ಟೀಲ್ ಸರಳು, ಎಪಾಕ್ಸಿ ಅಂಟು ಹಾಕಿ ಕೂರಿಸೋದು. ಮೂರು ಮೂರು ಇಂಚು ಎರಡೂ ಕಡೆ ಒಳಗೆ ಹೋಗಬೇಕು. ಕಟ್ಟಡದ ಮಾಮೂಲಿ ಕಬ್ಬಿಣ ಹಾಕಿದರೆ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತೆ. ಎತ್ತೋಕೆ ಮೂರುಕಾಲಿನ ಟ್ರೈಪಾಡ್, ಚೈನ್ ಪುಲ್ಲಿ, ಬಟ್ಟೆಯ ಬೆಲ್ಟ್. ಸರಪಳಿ ನೇರ ಕಲ್ಲಿಗೆ ತಾಗಿದರೆ ಅಂಚು ಹಾರುತ್ತೆ. ಹಾರೆಯಲ್ಲಿ ಮೀಟುವಾಗಲೂ ಕೆಳಗೆ ಮರದ ತುಂಡು ಇರಬೇಕು.

ನಿಂತ ಮೇಲೆ ನೀವೇ ಎರಡು ಕೈಯಲ್ಲಿ ಜೋರಾಗಿ ತಳ್ಳಿ ನೋಡಿ. ಮುಜುಗರ ಬೇಡ. ಬ್ರಿಟನ್ನಿನಲ್ಲಿ ಇದಕ್ಕಂತಲೇ ಬಿಎಸ್ 8415 ಅಂತ ಮಾನದಂಡ ಇದೆ, ಯಾಕೆಂದರೆ ಸಡಿಲ ಕಲ್ಲು ಮಕ್ಕಳ ಮೇಲೆ ಬಿದ್ದಿದ್ದಿದೆ. ನಮ್ಮಲ್ಲೂ ಹಬ್ಬದ ದಿನ ಮಕ್ಕಳು ಸಮಾಧಿಯ ನಡುವೆಯೇ ಓಡಾಡ್ತಾರಲ್ವಾ.

ಸಂದಿಗೆ ಸಿಲಿಕೋನ್ ತುಂಬಿದರೆ ಕಲ್ಲಿಗೆ ಅಂತಲೇ ಬರುವ ನ್ಯೂಟ್ರಲ್ ಸಿಲಿಕೋನ್ ತರಿಸಿ. ಬಾತ್‌ರೂಮಿನದ್ದು ಹಾಕಿದರೆ ಅದರ ಎಣ್ಣೆ ಕಲ್ಲಿಗೆ ಇಳಿದು ಬೂದು ಕಲ್ಲಿನ ಅಂಚಿಗೆ ಕಪ್ಪು ಪಟ್ಟೆ ಬರುತ್ತೆ, ಆಮೇಲೆ ತೆಗೆಯೋಕೆ ಬಹಳ ಕಷ್ಟ.

ಧಾರವಾಡ ಪೇಢೆ

ನಾವು ಗದ್ದುಗೆಗೆ ವಿಭೂತಿ, ಹಾಲು, ಎಣ್ಣೆ ದೀಪ ಎಲ್ಲ ಮಾಡ್ತೀವ್ರಿ. ಕಲೆ ಆಗ್ತದೇನು? ಆಸಿಡ್ ಹಾಕಿ ತಿಕ್ಕಿದ್ರ ಹೋಗ್ತದಂತಾರ.

ಕಲ್ಲುಮೆಷಿನ್

ಆಸಿಡ್ ಮುಟ್ಟಲೇಬೇಡಿ ಸರ್. ಸಂದಿನ ಸಿಮೆಂಟ್ ತಿನ್ನುತ್ತೆ, ಕಲ್ಲಿನೊಳಗಿನ ಕಬ್ಬಿಣದ ಅಂಶಕ್ಕೆ ತಾಗಿ ಹಳದಿ ಕಲೆ ಎಬ್ಬಿಸುತ್ತೆ. ನೀರು, ಮೃದುವಾದ ಬ್ರಷ್, ಒಂದು ಹನಿ ಪಾತ್ರೆ ತೊಳೆಯುವ ಸೋಪು. ವಿಭೂತಿ, ಹಾಲು ಅದರಲ್ಲೇ ಹೋಗುತ್ತೆ. ಎಣ್ಣೆ, ಕುಂಕುಮ ಮಾತ್ರ ಕಲ್ಲಿಗೆ ಇಳಿಯುತ್ತೆ. ಬಸವಣ್ಣನ ಮುಂದೆ ದೀಪಕ್ಕೆ ಬೇರೆ ಗೂಡು ಮಾಡಿಸಿ.

ಕುಡ್ಲದವ

ಮೇಣಕ್ಕೂ ಅದೇ ಮಾತು. ನವೆಂಬರ್ 2ರ ಮಾರನೇ ದಿನ ನಮ್ಮಲ್ಲಿ ಎಲ್ಲರೂ ಬ್ಲೇಡ್ ಹಿಡಿದು ಮೇಣ ಕೆರೆಯುತ್ತಾ ಕೂರುತ್ತಾರೆ, ಪಾಲಿಶ್ ಗೀರುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಲ್ಲಿ ಕೆರೆದು ಉಳಿದದ್ದನ್ನು ಬಿಸಿ ನೀರಿನ ಬಟ್ಟೆಯಲ್ಲಿ ಒರೆಸಿ. ಬೆನ್ಸನ್‌ಟೌನ್ ಅಕ್ಕ, ನೀವು ಕಾಲ ಕಡೆಗೆ ಕ್ಯಾಂಡಲ್ ಸ್ಟ್ಯಾಂಡಿಗೆ ಜಾಗ ಡಿಸೈನ್‌ನಲ್ಲೇ ಬಿಡಿಸಿ.

ಬೆನ್ಸನ್‌ಟೌನ್ ಹುಡುಗಿ

ಕಬ್ಬಿಣದ ಸ್ಟ್ಯಾಂಡ್ ಆಗುತ್ತಾ? ಮನೆಯಲ್ಲಿ ಹಳೆಯದೊಂದಿದೆ.

ಕಲ್ಲುಮೆಷಿನ್

ಬೇಡ ಮೇಡಂ, ಒಂದೇ ಮಳೆಗೆ ಚಪ್ಪಡಿ ಮೇಲೆ ತುಕ್ಕಿನ ಗೆರೆ ಇಳಿಯುತ್ತೆ. ಸ್ಟೇನ್‌ಲೆಸ್ ಮಾಡಿಸಿ. ಅಥವಾ ನಿಮ್ಮ ಕಲ್ಲು ಕತ್ತರಿಸಿ ಉಳಿದ ತುಂಡಿನಲ್ಲೇ ಗುಳಿ ಕೊರೆದು ಕೊಡಿ ಅಂತ ಅಂಗಡಿಯವರನ್ನೇ ಕೇಳಿ. ತುಂಡು ನಿಮ್ಮದೇ, ದುಡ್ಡು ಕೇಳಿದರೆ ಚೌಕಾಸಿ ಮಾಡಿ.